ನಮ್ಮ ಬರಹದ ಉತಾರ ನಮ್ಮ ಹೆಸರಿಗಿರಲಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



'ನೀ ಕಂಪ್ಯೂಟರಿನವ, ನಮ್ಮ ಮಂದಿಗೆ ಉಪಯೋಗ ಆಗುವಂಥ ನಾಲ್ಕು ಮಾತು ಹೇಳು' ಎಂದು ಗುರುಗಳು ಅಪ್ಪಣೆ ಕೊಟ್ಟರು. ಆದ್ದರಿಂದ ದೊಡ್ಡ ತಂತ್ರಜ್ಞಾನದ ಮಾತು ಬಿಟ್ಟು, ಸ್ವಂತದ್ದೊಂದು ಜಾಲತಾಣವನ್ನು, ಅಂದರೆ ವೆಬ್‌ಸೈಟನ್ನು, ಕಡಿಮೆ ಖರ್ಚಿನಲ್ಲಿ ಹೇಗೆ ಇಟ್ಟುಕೊಳ್ಳಬೇಕು, ಯಾಕೆ ಇಟ್ಟುಕೊಳ್ಳಬೇಕು ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು 'ಯಾಕೆ' ಎಂಬುದನ್ನು ನೋಡೋಣ. ಈಗ ಎಲ್ಲರ ಕೈಯಲ್ಲೂ ವಾಟ್ಸ್‌ಆ್ಯಪ್ ಇದೆ, ಫೇಸ್‌ಬುಕ್ ಇದೆ. ದಿನಾ ಬರೆಯುತ್ತೇವೆ, ಫೋಟೊ ಹಾಕುತ್ತೇವೆ. ಆದರೆ ಅದು ಲಾವಣಿ ಹೊಲ ಇದ್ದಂತೆ. ಬಿತ್ತುವವರು ನಾವು, ಉತಾರ ಇನ್ನೊಬ್ಬರ ಹೆಸರಿನಲ್ಲಿ. ಹೊಲದವರು 'ಇನ್ನು ಸಾಕು' ಎಂದರೆ ಎದ್ದು ಬರಬೇಕು. ಹೀಗೆ ಆಗಿಯೂ ಇದೆ. ಜಿಯೋಸಿಟೀಸ್‌ನಲ್ಲಿ ಲೋಕದ ಲಕ್ಷಗಟ್ಟಲೆ ಜನ ಪುಟ ಕಟ್ಟಿಕೊಂಡಿದ್ದರು. 2009ರಲ್ಲಿ ಅದು ಮುಚ್ಚಿತು. ನನ್ನ ವಯಸ್ಸಿನವರು ಕಾಲೇಜಿನಲ್ಲಿದ್ದಾಗ ಮುಗಿಬಿದ್ದ ಆರ್ಕುಟ್ 2014ರಲ್ಲಿ ನಿಂತಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಅಲ್ಲಿ ಬರೆದಿದ್ದನ್ನು ಸಮಯಕ್ಕೆ ಇಳಿಸಿಕೊಂಡವರಿಗೆ ಉಳಿಯಿತು, ಉಳಿದವರಿಗೆ ಹೋಯಿತು.

ಸ್ವಂತ ಜಾಗದ ಬೆಲೆ ನಮ್ಮ ಸೀಮೆಗೆ ಹೊಸದಲ್ಲ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಮನೆಮನೆಯ ತಾಡೋಲೆ ಹುಡುಕಿ ವಚನಗಳನ್ನು ಕೂಡಿಸಿದರು. ಅಷ್ಟಕ್ಕೇ ನಿಲ್ಲದೆ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ತೆಗೆದರು. ತಮ್ಮದೇ ಅಚ್ಚುಕೂಟ ಇದ್ದದ್ದರಿಂದ ಏನು ಅಚ್ಚಾಗಬೇಕು ಎಂಬುದು ಅವರ ಕೈಯಲ್ಲಿಯೇ ಇತ್ತು. ಆಗ ಅಚ್ಚುಕೂಟ ಹಾಕುವುದೆಂದರೆ ಮನೆ ಮಾರು ಹೋಗುವ ಕೆಲಸ. ಇವತ್ತು ಅದೇ ಸ್ವಾತಂತ್ರ್ಯ ಒಂದು ಚೀಲ ಗೊಬ್ಬರದ ಆಸುಪಾಸಿನ ಖರ್ಚಿಗೆ ಸಿಗುತ್ತದೆ. 1993ರ ಏಪ್ರಿಲ್ 30ರಂದು ಸರ್ನ್ ಎಂಬ ಯುರೋಪಿನ ಸಂಶೋಧನಾ ಸಂಸ್ಥೆ, ತನ್ನಲ್ಲಿ ಹುಟ್ಟಿದ ವೆಬ್ ತಂತ್ರಾಂಶವನ್ನು ಯಾರ ಅಪ್ಪಣೆಯೂ ಬೇಡವೆಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಆ ಹಕ್ಕು ಬಾಳೆಹೊಸೂರಿಗೂ ಇದೆ.

ಇನ್ನು 'ಹೇಗೆ'. ಬೇಕಾದ ಸಾಮಾನು ನಾಲ್ಕೇ.

ಒಂದು, ಯೂನಿಕೋಡ್ ಕನ್ನಡ. ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಹೊಡೆಸಿದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಲ್ಲಿ ಒಳಗೆ ಕೂತಿರುವುದು ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆ ಸಿಕ್ಕಿದೆ. ಅದರಲ್ಲಿ ಬರೆದರೆ ಎಲ್ಲ ಮೊಬೈಲಿನಲ್ಲೂ ಓದಬಹುದು, ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಮೊಬೈಲಿನಲ್ಲಿ ನಾವು ಹೊಡೆಯುವ ಕನ್ನಡ ಯೂನಿಕೋಡೇ. ಹೊಡೆಯಲು ಬಾರದ ಹಿರಿಯರು ಬಾಯಿಂದ ಹೇಳಿದರೂ ಅದು ಬರೆದುಕೊಳ್ಳುತ್ತದೆ.

ಎರಡು, ಸಾದಾ ಪಠ್ಯದ ಕಡತ. ನೋಟ್‌ಪ್ಯಾಡ್‌ನಲ್ಲಿ ತೆರೆಯುವಂಥದ್ದು ಸಾಕು. ಮೂಲ ಪ್ರತಿ ಯಾವಾಗಲೂ ನಿಮ್ಮ ಕಂಪ್ಯೂಟರಿನಲ್ಲಿಯೇ ಇರಬೇಕು, ಜಾಲದಲ್ಲಿರುವುದು ಅದರ ನಕಲು ಮಾತ್ರ. ಸಾವಿರ ಪದದ ಕನ್ನಡ ಲೇಖನ ಸುಮಾರು 25 ಕಿಲೋಬೈಟ್. ಮೊಬೈಲಿನ ಒಂದು ಫೋಟೊ 3 ಮೆಗಾಬೈಟ್ ಇದ್ದರೆ, ಅಷ್ಟೇ ಜಾಗದಲ್ಲಿ ನೂರು ಲೇಖನ ಹಿಡಿಯುತ್ತವೆ. ಆದ್ದರಿಂದ ಫೋಟೊವನ್ನು ಸಣ್ಣದು ಮಾಡಿಯೇ ಹಾಕಿರಿ. ಹೊಲದಲ್ಲಿ ನಿಂತು, ಸಿಗ್ನಲ್ ಕಡಿಮೆ ಇದ್ದಾಗಲೂ ಪುಟ ತೆರೆಯಬೇಕು.

ಮೂರು, ಹೆಸರು. ಇದೇ ನಿಜವಾದ ಉತಾರ. '.ಇನ್' ಎಂದು ಕೊನೆಯಾಗುವ ಹೆಸರು ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕನ್ನಡ ಲಿಪಿಯಲ್ಲಿಯೇ '.ಭಾರತ' ಎಂಬ ಹೆಸರೂ ಇದೆ. ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಇ-ಮೇಲ್‌ನಲ್ಲಿ ನೋಂದಣಿಯಾಗಿರಲಿ. ಮಾಡಿಕೊಟ್ಟವರ ಹೆಸರಿನಲ್ಲಿ ಬೇಡ. ಹೆಸರು ನಿಮ್ಮದಿದ್ದರೆ, ಜಾಗ ಕೊಟ್ಟ ಕಂಪನಿ ಬಾಗಿಲು ಹಾಕಿದರೂ ಇನ್ನೊಂದು ಕಡೆ ಗುಡಾರ ಹಾಕಬಹುದು, ಓದುವವರಿಗೆ ವಿಳಾಸ ಬದಲಾಗುವುದಿಲ್ಲ.

ನಾಲ್ಕು, ಇಡುವ ಜಾಗ. ಬರೀ ಅಕ್ಷರ ಮತ್ತು ಚಿತ್ರಗಳಿರುವ ಸರಳ ಪುಟಗಳಿಗೆ ಗಿಟ್‌ಹಬ್‌ನಂಥ ಕಡೆ ಬಾಡಿಗೆಯಿಲ್ಲದೆ ಜಾಗ ಸಿಗುತ್ತದೆ. ವರ್ಡ್‌ಪ್ರೆಸ್ ಕೂಡ ಒಳ್ಳೆಯದೇ. ಆದರೆ ಅದನ್ನು ನಾವೇ ಸ್ಥಾಪಿಸಿ ನಡೆಸುವುದಾದರೆ, ಆಗಾಗ ಹೊಸ ಆವೃತ್ತಿಗೆ ಏರಿಸದಿದ್ದರೆ ಕಳ್ಳರು ನುಗ್ಗುತ್ತಾರೆ. ಸರಳ ಪುಟದಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಬಿ.ಇ. ಓದಿ ಇದೇ ಕೆಲಸದಲ್ಲಿರುವ ನಾನು ನನ್ನ ಸ್ವಂತಕ್ಕೆ ಇಟ್ಟುಕೊಂಡಿರುವುದೂ ಸರಳ ಪುಟವನ್ನೇ.

ಸಾಮಾನಿಗಿಂತ ರೂಢಿ ದೊಡ್ಡದು. ನಮ್ಮ ಅಜ್ಜ ಓದಿದ್ದು ಮೂರನೆಯ ಇಯತ್ತೆ. ಒಂದು ಉದ್ದನೆಯ ವಹಿಯಲ್ಲಿ ಯಾವ ಮಳೆ ಎಂದು ಬಿತ್ತು, ಯಾವ ಹೊಲಕ್ಕೆ ಏನು ಬಿತ್ತಿದರು, ಎಷ್ಟು ಚೀಲ ಬಂತು ಎಂದು ಬರೆದಿಡುತ್ತಿದ್ದರು. 'ಹಸ್ತಾ ಮಳಿ, ಚಲೋ ಹಸಿ, ಬಿಳಿಜೋಳ ಬಿತ್ತಿದೆವು' — ಇಷ್ಟೇ. ಒಂದು ದಿನಕ್ಕೆ ಒಂದೇ ಸಾಲು, ಮೇಲೆ ತಾರೀಖು. ಇಲಿ ಕಡಿದು ಉಳಿದ ಆ ವಹಿಯನ್ನು ನಾನು ಅಕ್ಷರಕ್ಕೆ ಅಕ್ಷರ ಹೊಡೆದು ನನ್ನ ಪುಟದಲ್ಲಿ ಇಟ್ಟಿದ್ದೇನೆ. ಇಂಥ ದಾಖಲೆಗೆ ಬೇಕಾದ ರೂಢಿಗಳೆಲ್ಲ ಅದರಲ್ಲಿಯೇ ಇವೆ. ದಿನವೂ ಬೇಡ, ವಾರಕ್ಕೊಮ್ಮೆ ಒಂದು ಸಣ್ಣ ಬರಹ ಬರೆಯಿರಿ. ಒಂದು ವಿಷಯಕ್ಕೆ ಒಂದು ಪುಟ. ಪ್ರತಿ ಪುಟದ ಮೇಲೆ ತಾರೀಖು, ಊರು, ಬರೆದವರ ಹೆಸರು. ಲಕ್ಷ್ಮೇಶ್ವರದ ಗುಡಿಗಳ ಶಾಸನಗಳು ಇಂದಿಗೂ ಉಪಯೋಗಕ್ಕೆ ಬರುವುದು ಬರೀ ಕಲ್ಲು ಗಟ್ಟಿಯೆಂದಲ್ಲ. ಯಾರು, ಯಾರಿಗೆ, ಯಾವಾಗ, ಏನು ಕೊಟ್ಟರು ಎಂದು ಸ್ಪಷ್ಟ ಬರೆದಿರುವುದರಿಂದ.

ಇನ್ನೂ ಮೂರು ರೂಢಿಗಳಿವೆ. ಬೀಜದ ಕಾಳನ್ನು ಒಂದೇ ಹಗೇವಿನಲ್ಲಿ ಇಡಬಾರದು. ಬರಹದ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಬೇರೆ ಊರಿನ ನಂಬಿಕೆಯವರ ಹತ್ತಿರ. ಎರಡನೆಯದು ವಾರಸಾ. ಹೆಸರಿನ ಕಂತು ಯಾವ ತಿಂಗಳು ತುಂಬಬೇಕು, ಕೀಲಿ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಬೇಕು. ಮೂರನೆಯದು ಮರ್ಯಾದೆ. ಕೇಳದೆ ಯಾರ ಫೋಟೊವನ್ನೂ ಹಾಕಬಾರದು. ಮಕ್ಕಳ ಹೆಸರು-ವಿಳಾಸ, ಫೋನ್ ನಂಬರು, ಆಧಾರ್ ನಂಬರು ಎಂದಿಗೂ ಬೇಡ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಗೂಗಲ್‌ನಲ್ಲಿ ನಮ್ಮೂರ ಹೆಸರು ಹಾಕಿ ನೋಡಿರಿ. ದಿಂಗಾಲೇಶ್ವರ ಮಠದ ಸುದ್ದಿ ಸಿಗುತ್ತದೆ, ಒಂದಿಷ್ಟು ಪತ್ರಿಕೆಯ ವರದಿ ಸಿಗುತ್ತದೆ. ನಮ್ಮ ಎರೆಹೊಲದ ಬೇಸಾಯ, ನಮ್ಮ ತಾಯಂದಿರ ಬೀಸುಕಲ್ಲಿನ ಪದ, ದೊಡ್ಡಾಟದ ಮಾಸ್ತರರ ವಹಿ, ಈ ಶಾಲೆ ಕಟ್ಟಲು ದುಡಿದವರ ನೆನಪು — ಇವನ್ನು ನಾವು ಬರೆಯದೆ ಮತ್ಯಾರೂ ಬರೆಯುವುದಿಲ್ಲ. ಇಂಥ ನೆನಪು ಇಟ್ಟುಕೊಂಡ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಹೋದ ಮೇಲೆ ಎಷ್ಟು ಒಳ್ಳೆಯ ಕಂಪ್ಯೂಟರ್ ತಂದರೂ ಕೇಳುವುದಕ್ಕೆ ಯಾರೂ ಉಳಿಯುವುದಿಲ್ಲ.

ಆದ್ದರಿಂದ ಎರಡು ವಿನಂತಿ. ಈ ಸ್ಮರಣ ಸಂಚಿಕೆ ಅಚ್ಚಾದ ಮೇಲೆ ಅದರ ಕಡತವನ್ನು ಮುದ್ರಕರಿಂದ ಕೇಳಿ ಪಡೆಯಿರಿ, ಯೂನಿಕೋಡಿಗೆ ತಿರುಗಿಸಿ, ತಪ್ಪು ತಿದ್ದಿ ಜಾಲದಲ್ಲಿ ಇಡೋಣ. 1996ರಿಂದ ಇಂಥ ಪುಟಗಳನ್ನು ಕಾಪಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ಗೂ ಒಂದು ಪ್ರತಿ ಸೇರಿಸೋಣ. ಎರಡನೆಯದು ವಿದ್ಯಾರ್ಥಿಗಳಿಗೆ: ಈ ರಜೆಯಲ್ಲಿ ಪ್ರತಿಯೊಬ್ಬರೂ ಒಬ್ಬ ಅಜ್ಜನನ್ನೋ ಅಮ್ಮನನ್ನೋ ಕೂಡಿಸಿಕೊಂಡು, ಅವರು ಹೇಳಿದ್ದನ್ನು ಒಂದು ಪುಟ ಬರೆದುಕೊಂಡು ಬನ್ನಿ. ಹೆಸರಿನ ಮೊದಲ ಐದು ವರ್ಷದ ಖರ್ಚು ನನ್ನದು. ಪುಟ ಏರಿಸುವುದನ್ನು ನಿಮ್ಮಲ್ಲಿ ನಾಲ್ಕು ಮಂದಿಗೆ ಕಲಿಸಿಕೊಡುವ ಹೊಣೆಯೂ ನನ್ನದು. ಬರೆಯುವ ಕೆಲಸ ಮಾತ್ರ ನಿಮ್ಮದು.