ತಾನಾಗಿ ತಿರುಗುವ ಚಕ್ರವಿಲ್ಲ



ಬಸವಕಲ್ಯಾಣಕ್ಕೆ ಭಾಲ್ಕಿ ದೂರದ ಊರೇನಲ್ಲ. ಕುಂಬಾರ ಗುಂಡಯ್ಯ ಆ ಊರಿನವನೆಂದು ಶರಣ ಪರಂಪರೆ ಹೇಳುತ್ತದೆ. ಅವನ ಮುಂದೆ ಇದ್ದುದು ತಿಗರಿ. ನುಲಿಯ ಚಂದಯ್ಯನ ಕೈಯಲ್ಲಿ ಹುಲ್ಲಿನ ಹಗ್ಗ, ಕದಿರ ರೆಮ್ಮವ್ವೆಯ ಕೈಯಲ್ಲಿ ರಾಟೆ, ಗಾಣದ ಕಣ್ಣಪ್ಪನ ಎದುರು ಗಾಣ. ಹೆಸರಿಗೆ ನಾಲ್ಕು ಕಸುಬು, ಕ್ರಿಯೆ ಒಂದೇ. ತಿರುವುವುದು, ತಿರುಗಿಸುವುದು. ಇಂದಿನ ಮಾತು ಈ ತಿರುಗುವಿಕೆಯನ್ನು ಕುರಿತದ್ದು.

ಆಡುಮಾತಿನಲ್ಲಿ ‘ತಿರುಗು’ ಎಂಬ ಒಂದೇ ಪದ ಹಲವು ಕೆಲಸ ಮಾಡುತ್ತದೆ. ವಿಜ್ಞಾನ ಅದನ್ನು ಬಿಡಿಸಿ ಹೇಳುತ್ತದೆ. ತಿಗರಿ ನಿಂತಲ್ಲೇ, ತನ್ನ ಗೂಟದ ಮೇಲೆ ತಿರುಗುತ್ತದೆ, ಇದು ಭ್ರಮಣ. ಎತ್ತು ಗಾಣವನ್ನು ಸುತ್ತಿ ಬರುತ್ತದೆ, ಇದು ಪರಿಭ್ರಮಣ. ಭೂಮಿ ಎರಡನ್ನೂ ಮಾಡುತ್ತದೆ. ಮೊದಲನೆಯದರಿಂದ ಹಗಲು ರಾತ್ರಿ, ಎರಡನೆಯದರಿಂದ ವರ್ಷ. ಇವಲ್ಲದೆ ಮೂರನೆಯ ಅರ್ಥವೊಂದಿದೆ: ಒಬ್ಬರಾದ ಮೇಲೆ ಒಬ್ಬರಿಗೆ ಬರುವ ಸರದಿ, ಅಂದರೆ ಪಾಳಿ.

ಕುಂಬಾರ ಕೋಲಿನಿಂದ ತಿಗರಿಯನ್ನು ಜೋರಾಗಿ ತಿರುವಿ, ಕೋಲನ್ನು ಬದಿಗಿಟ್ಟು, ಎರಡೂ ಕೈಗಳನ್ನು ಮಣ್ಣಿಗೆ ಕೊಡುತ್ತಾನೆ. ತಿಗರಿ ಮಾತ್ರ ನಿಲ್ಲುವುದಿಲ್ಲ. ಅದರ ಭಾರವೆಲ್ಲ ಅಂಚಿನಲ್ಲಿರುವುದೇ ಇದರ ಗುಟ್ಟು. ಅದೇ ತೂಕವನ್ನು ನಡುವಿನಿಂದ ಎರಡು ಪಟ್ಟು ದೂರದಲ್ಲಿಟ್ಟರೆ, ಅಷ್ಟೇ ವೇಗಕ್ಕೆ ತರಲು ನಾಲ್ಕು ಪಟ್ಟು ಶ್ರಮ ಬೇಕು. ನಿಲ್ಲಿಸಲೂ ಅಷ್ಟೇ ಬೇಕು. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹುಮನಾಬಾದ್ ದಾಟಿ ಹೋಗುವ ಲಾರಿಗಳ ಎಂಜಿನ್ನಿನಲ್ಲಿರುವ ಫ್ಲೈವೀಲ್ ಕೂಡ ಇದೇ ತತ್ವದ್ದು. ಎಂಜಿನ್ನಿನ ಬಿಟ್ಟುಬಿಟ್ಟು ಬರುವ ಹೊಡೆತಗಳನ್ನು ಅದು ಒಂದೇ ಸಮನಾದ ಓಟವಾಗಿಸುತ್ತದೆ.

ಹಾಗಾದರೆ ಯಾರೂ ತಿರುಗಿಸದೆ ಸದಾ ತಿರುಗುವ ಚಕ್ರವೊಂದು ಸಾಧ್ಯವೇ? ಕಲ್ಯಾಣದ ಶರಣರ ಶತಮಾನದಲ್ಲೇ ಈ ಆಸೆ ಒಬ್ಬ ಮಹಾ ಗಣಿತಜ್ಞನಿಗೂ ಬಂದಿತ್ತು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅಂಥದೊಂದು ಯಂತ್ರವನ್ನು ವರ್ಣಿಸಿದ್ದಾನೆ. ಪೊಳ್ಳು ಅರಗಳಲ್ಲಿ ಅರ್ಧದಷ್ಟು ಪಾದರಸ ತುಂಬಿದರೆ ಚಕ್ರ ತಾನೇ ತಿರುಗುವುದೆಂಬುದು ಅವನ ಎಣಿಕೆ. ಅದು ಫಲಿಸದು. ಒಂದು ಕಡೆ ಇಳಿದು ಎಳೆಯುವ ಪಾದರಸವನ್ನು ಇನ್ನೊಂದು ಕಡೆ ಮೇಲೆತ್ತಲೇಬೇಕು. ಲೆಕ್ಕ ಸರಿಹೋಗುತ್ತದೆ, ಜೊತೆಗೆ ಘರ್ಷಣೆ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಚಕ್ರ ನಿಲ್ಲುತ್ತದೆ.

ಭೂಮಿಯನ್ನು ಯಾರು ತಿರುಗಿಸುತ್ತಿದ್ದಾರೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಭೂಮಿ ರೂಪುಗೊಂಡ ಅನಿಲ ಮತ್ತು ಧೂಳಿನ ಮೋಡವೇ ಸುತ್ತುತ್ತಿತ್ತು. ಆ ಸುತ್ತು ಭೂಮಿಗೆ ಪಿತ್ರಾರ್ಜಿತವಾಗಿ ಬಂತು. ಸುತ್ತಲಿನ ಶೂನ್ಯದಲ್ಲಿ ತಡೆ ಇಲ್ಲದಷ್ಟೇ. ಬಸವಕಲ್ಯಾಣದ ನೆಲ ಈ ಹೊತ್ತು ಗಂಟೆಗೆ ಸುಮಾರು 1,590 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಆದರೆ ಚಂದ್ರನಿಂದ ಏಳುವ ಉಬ್ಬರವಿಳಿತಗಳು ಅದಕ್ಕೂ ಕಡಿವಾಣ ಹಾಕುತ್ತಿವೆ. ನೂರು ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡಿನಷ್ಟು ದಿನ ಉದ್ದವಾಗುತ್ತಿದೆ. ಭೂಮಿಗೂ ಬಿಟ್ಟಿ ತಿರುಗಾಟವಿಲ್ಲ.

ಇಂದು ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿ ತಿರುಗುತ್ತದೆ. ತಾನಾಗಿ ತಿರುಗಿತೆಂದು ಅನ್ನಿಸುವುದು ಸಹಜ. ಆದರೆ ಆ ವಿದ್ಯುತ್ತಿಗಾಗಿ ರಾಯಚೂರಿನಂಥ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿಯುತ್ತದೆ, ಹಬೆಯ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ಹಾಕುತ್ತದೆ. ಅದರ ಮುಂದೆ ರಾತ್ರಿ ಪಾಳಿಯವರು ಎಚ್ಚರವಿರುತ್ತಾರೆ.

ಪಾಳಿಯ ಮಾತು ಹೊಲಕ್ಕೂ ಸಲ್ಲುತ್ತದೆ. ವರ್ಷವರ್ಷವೂ ಜೋಳವನ್ನೇ ಬಿತ್ತಿದರೆ ಮಣ್ಣು ಸೊರಗುತ್ತದೆ. ಉದ್ದು, ಹೆಸರು, ಕಡಲೆ, ತೊಗರಿಗೂ ಸರದಿ ಕೊಟ್ಟರೆ, ಅವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಬೇರಿಗೆ ಒದಗಿಸುತ್ತವೆ. ಅದರಲ್ಲಿ ಒಂದಿಷ್ಟು ಮಣ್ಣಿಗೂ ಉಳಿಯುತ್ತದೆ. ಬೀದರ್ ಸೀಮೆಯ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ಮನುಷ್ಯರ ನಡುವೆ ಮಾತ್ರ ಈ ಪಾಳಿ ಬಹುಕಾಲ ತಪ್ಪಿತ್ತು. ತಿರುಗಿಸುವ ಕೈಗಳು ಸದಾ ತಿರುಗಿಸುತ್ತಲೇ ಇರಬೇಕು, ಮಾತಾಡುವ ಸರದಿ ಬೇರೆಯವರದು ಎಂಬುದು ರೂಢಿಯಾಗಿತ್ತು. 12ನೇ ಶತಮಾನದ ಕಲ್ಯಾಣ ಅದನ್ನು ಪ್ರಶ್ನಿಸಿತು. ಹಗ್ಗ ಹೊಸೆಯುವವನು ವಚನ ಹೇಳಿದ. ನೂಲುವ ಹೆಣ್ಣುಮಗಳು ತನ್ನ ರಾಟೆಯ ಭಾಗಗಳಲ್ಲೇ ದೇವತೆಗಳನ್ನು ಕಂಡಳು. ಕೀಳೆನಿಸಿದ್ದ ಕಸುಬು ಅವರ ಹೆಸರಿನ ಮುಂದೆ ಗೌರವದ ಗುರುತಾಗಿ ನಿಂತಿತು.

ಭಾಸ್ಕರಾಚಾರ್ಯ ಯಾರೂ ತಿರುಗಿಸಬೇಕಿಲ್ಲದ ಚಕ್ರವನ್ನು ಹುಡುಕಿದ. ಶರಣರು ಚಕ್ರ ತಿರುಗಿಸುವವರ ಹೆಸರನ್ನು ಉಳಿಸಿದರು. ಮುಂದೆ ಯಾವುದಾದರೂ ಚಕ್ರ ತಿರುಗುತ್ತಿರುವುದನ್ನು ಕಂಡಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತಿರುಗಿಸುತ್ತಿರುವವರು ಯಾರು, ಅವರ ಪಾಳಿ ಬಂದಿದೆಯೇ?