ತೆಂಗಿನ ಸೀಮೆಯ ಜ್ವರ ಮತ್ತು ಗ್ರಾಮ ಪಂಚಾಯಿತಿ (ಅಧ್ಯಕ್ಷ ಭಾಷಣ)

2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕಕ್ಕೆ ನುಗ್ಗಿದಾಗ ಅದಕ್ಕೆ ಸಿಕ್ಕಿ ನರಳಿದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್, ರಾಯಚೂರುಗಳ ಜೊತೆ ತುಮಕೂರೂ ಇತ್ತು. 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡ ಮೇಲೆ ಮೂರು ದಶಕ ಈ ರೋಗ ದೇಶದಲ್ಲಿ ದೊಡ್ಡದಾಗಿ ತಲೆ ಎತ್ತಿರಲಿಲ್ಲ. ಹೀಗಾಗಿ ಅದನ್ನು ತಡೆಯುವ ಶಕ್ತಿ ಬಹುಪಾಲು ಜನರ ಮೈಯಲ್ಲಿ ಇರಲಿಲ್ಲ. ಆ ವರ್ಷ ದೇಶದಲ್ಲಿ ಶಂಕಿತ ರೋಗಿಗಳ ಸಂಖ್ಯೆ 13 ಲಕ್ಷ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ನೇರವಾಗಿ ಈ ರೋಗದಿಂದ ಸತ್ತವರಿಲ್ಲ ಎಂದು ಸರ್ಕಾರಿ ಕಡತ ಹೇಳಿತು. ಆದರೆ ದೋಟಿ ಹಿಡಿದು ಕಾಯಿ ಕೀಳುವವನ ಭುಜ, ಕಾಯಿ ಸುಲಿಯುವವನ ಮಣಿಕಟ್ಟು ಈ ರೋಗದ ಕೀಲುನೋವಿನಿಂದ ತಿಂಗಳುಗಟ್ಟಲೆ ಹಿಡಿದುಕೊಂಡರೆ ಕೂಲಿಯ ಮನೆಗೆ ಬೀಳುವ ಪೆಟ್ಟೆಷ್ಟು ಎಂದು ಬರೆಯಲು ಆ ಕಡತದಲ್ಲಿ ಕಾಲಂ ಇರಲಿಲ್ಲ.

ಚಿಕೂನ್‌ಗುನ್ಯ, ಡೆಂಗಿ ಎರಡನ್ನೂ ಹರಡುವುದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಅದರಲ್ಲಿ ಎರಡು ಜಾತಿ ಮುಖ್ಯ. ಈಜಿಪ್ಟೈ ಮನೆಯೊಳಗಿನದು, ಆಲ್ಬೊಪಿಕ್ಟಸ್ ತೋಟದ್ದು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಮನೆಗೂ ತೋಟಕ್ಕೂ ಅಂತರವೇ ಇಲ್ಲದ್ದರಿಂದ ಎರಡಕ್ಕೂ ಅನುಕೂಲ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿಸಿ, ಸುಲಿದು, ಒಡೆದು ಕೊಬ್ಬರಿ ತೆಗೆಯುತ್ತಾರೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಚಿಪ್ಪು ಇದ್ದಿಲಿನವರ ಲಾರಿ ಬರುವವರೆಗೆ, ಮಟ್ಟೆ ನಾರಿನ ಕಾರ್ಖಾನೆಯವರು ಬರುವವರೆಗೆ ಬಯಲಲ್ಲೇ ಬಿದ್ದಿರುತ್ತವೆ. ಅಳಿಲು ಕೊರೆದು ಉದುರಿಸಿದ ಎಳಗಾಯಿ, ಕುಡಿದು ಬಿಸಾಡಿದ ಎಳನೀರು ಬುರುಡೆ ಇವೆಲ್ಲ ಲೆಕ್ಕಕ್ಕೇ ಸಿಗುವುದಿಲ್ಲ. ಮಳೆ ಬಂದ ಮರುವಾರ ಮಗುಚಿ ಬಿದ್ದಿರದ ಒಂದು ಚಿಪ್ಪನ್ನು ಎತ್ತಿ ನೋಡಿದರೆ ತಿಳಿಯುತ್ತದೆ: ಅರ್ಧ ಲೋಟ ನೀರಿನಲ್ಲಿ ಮರಿಹುಳುಗಳು ತಲೆ ಕೆಳಗಾಗಿ ನೇತಾಡುತ್ತಿರುತ್ತವೆ, ಕೈಯ ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿಯುತ್ತವೆ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು.

ಆದರೂ ತಪ್ಪನ್ನೆಲ್ಲ ಚಿಪ್ಪಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಹೇಮಾವತಿ ನಾಲೆಯ ನೀರು ತಲುಪದ ಊರುಗಳಲ್ಲಿ ಕೊಳವೆಬಾವಿಯೇ ಗತಿ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ಬರುವಾಗ ಡ್ರಮ್ಮು, ಸಿಮೆಂಟ್ ತೊಟ್ಟಿ, ಸಂಪುಗಳಲ್ಲಿ ತುಂಬಿಡದೆ ಬೇರೆ ದಾರಿಯಿಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನ ಮೇಲಿನ ಒದ್ದೆ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ ಇದ್ದು, ನೀರು ಮತ್ತೆ ಅಲ್ಲಿಗೆ ಏರಿದಾಗ ಒಡೆಯುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳನ್ನು ಬರಿದು ಮಾಡಿ ಒಣ ದಿನ ಆಚರಿಸಿ ಎಂದು ಡಂಗುರ ಹೊಡೆಸುವ ಪಂಚಾಯಿತಿ, ಮಾರನೆಯ ದಿನವೇ ನೀರು ಬಿಡದಿದ್ದರೆ ಯಾವ ಹೆಂಗಸೂ ತುಂಬಿದ ಡ್ರಮ್ಮನ್ನು ಬಗ್ಗಿಸುವುದಿಲ್ಲ.

ಜ್ವರದ ಮೇಲೆ ಕಣ್ಣಿಡುವ ಏರ್ಪಾಡು ಕಾಗದದ ಮೇಲೆ ಚೆನ್ನಾಗಿಯೇ ಇದೆ. 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ಮೂರು ನಮೂನೆಗಳಿವೆ: ಲಕ್ಷಣ ನೋಡಿ ಆರೋಗ್ಯ ಸಹಾಯಕಿ ತುಂಬುವುದು ‘ಎಸ್’, ವೈದ್ಯರದು ‘ಪಿ’, ಪ್ರಯೋಗಾಲಯದ್ದು ‘ಎಲ್’. ಇವು ಜಿಲ್ಲಾ ಸರ್ವೇಕ್ಷಣಾ ಅಧಿಕಾರಿಗೆ ತಲುಪಬೇಕು. ಜ್ವರ ಬಂದವರಲ್ಲಿ ಬಹಳ ಮಂದಿ ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ ಅಥವಾ ಖಾಸಗಿ ಕ್ಲಿನಿಕ್ಕಿಗೆ. ಈ ಲೆಕ್ಕ ಸೋರುವುದು ಅಲ್ಲೇ. ಎಲೈಸಾ ಪರೀಕ್ಷೆಯಲ್ಲಿ ಖಚಿತವಾದರೆ ಮಾತ್ರ ಡೆಂಗಿ ಪ್ರಕರಣ ಪಟ್ಟಿಗೆ ಸೇರುತ್ತದೆ. ಜ್ವರದ ಮೊದಲ ಐದು ದಿನ ಎನ್‌ಎಸ್1 ಪರೀಕ್ಷೆ, ಆಮೇಲೆ ಐಜಿಎಂ ಪರೀಕ್ಷೆ. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಗೆ ಜ್ವರ ಹತ್ತಿರುತ್ತದೆ. ಎಷ್ಟು ಮನೆಗಳಲ್ಲಿ ಮರಿಹುಳು ಸಿಕ್ಕಿತು ಎಂಬ ಆಶಾ ಕಾರ್ಯಕರ್ತೆಯ ಲಾರ್ವಾ ಸಮೀಕ್ಷೆಗೆ ಇದಕ್ಕಾಗಿಯೇ ಹೆಚ್ಚು ಬೆಲೆ. ಅದು ರೋಗಿಗಿಂತ ಮುಂಚೆ ಎಚ್ಚರಿಸುತ್ತದೆ.

ಆದರೆ ಆ ಸಮೀಕ್ಷೆಯ ಹಾಳೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ. ಯಾವ ಬೀದಿಗೆ ಯಾವತ್ತು ನೀರು ಎಂಬ ಲೆಕ್ಕ ನೀರುಗಂಟಿಯ ತಲೆಯಲ್ಲಿರುತ್ತದೆ. ಇವೆರಡೂ ಒಂದೇ ಮೇಜಿನ ಮೇಲೆ ಕೂಡುವುದು ಅಪರೂಪ. ಆರೋಗ್ಯ ಮತ್ತು ನೈರ್ಮಲ್ಯ ಸಂವಿಧಾನದ 11ನೇ ಅನುಸೂಚಿಯಲ್ಲಿದೆ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಪಂಚಾಯಿತಿ ಸದಸ್ಯರಿಗೆ ಸ್ಥಾನವಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆಶಾ, ನೀರುಗಂಟಿ ಮೂವರೂ ಕೂತು, ಮರಿಹುಳು ಹೆಚ್ಚಿರುವ ಬೀದಿಗೆ ಒಣ ದಿನದ ಮರುದಿನವೇ ನೀರು ಬಿಡುವಂತೆ ಸರದಿ ಬದಲಿಸಲು ಹೊಸ ಅನುದಾನ, ಹೊಸ ಆದೇಶ ಯಾವುದೂ ಬೇಡ.

ಜ್ವರ ಹಬ್ಬಿದ ಮೇಲೆ ಎಲ್ಲರೂ ಕೇಳುವುದು ಫಾಗಿಂಗ್ ಯಂತ್ರವನ್ನು. ಹೊಗೆಗೆ ಹಾರುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿ ಸಾಯುವುದಿಲ್ಲ. ಬೀದಿಯಲ್ಲಿ ಸಂಜೆ ಬಿಟ್ಟ ಹೊಗೆ ಮಂಚದ ಕೆಳಗೆ, ಬಟ್ಟೆಯ ಹಿಂದೆ ಕೂತ ಈಜಿಪ್ಟೈಗೆ ತಾಗುವುದೂ ಕಡಿಮೆ. ಸದಸ್ಯರ ಫೋಟೊಗೆ ಮಾತ್ರ ಅದು ಚೆನ್ನಾಗಿ ಒದಗುತ್ತದೆ. ಬರಿದು ಮಾಡಲಾಗದ ತೊಟ್ಟಿಗೆ ಮರಿಹುಳು ಕೊಲ್ಲುವ ಟೆಮೆಫಾಸ್, ಪಾಳುಬಾವಿಗೆ ಗಪ್ಪಿ ಮೀನು ಹೆಚ್ಚು ಕೆಲಸ ಮಾಡುತ್ತವೆ. ಕೋಲಾರ ಜಿಲ್ಲೆಯ ಹಳ್ಳಿಬಾವಿಗಳಲ್ಲಿ ಮೀನು ಬಿಟ್ಟು ಮಲೇರಿಯಾ ಇಳಿಸಿದ ಅನುಭವ ಈ ರಾಜ್ಯದ್ದೇ.

ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ 2024ರಲ್ಲಿ ಸರ್ಕಾರ ತಂದ ನಿಯಮದಂತೆ, ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿಯ ಮನೆಗೆ 200 ರೂಪಾಯಿ, ವಾಣಿಜ್ಯ ಸ್ಥಳಕ್ಕೆ 500 ರೂಪಾಯಿ ದಂಡ ಹಾಕಬಹುದು. ಪಟ್ಟಣದಲ್ಲಿ ಇದು ಎರಡರಷ್ಟು. ದಂಡದ ರಸೀದಿ ಪುಸ್ತಕವನ್ನು ಮೊದಲು ತೆರೆಯಬೇಕಾದದ್ದು ಕೂಲಿಯವರ ಡ್ರಮ್ಮಿನ ಮುಂದಲ್ಲ, ಚಿಪ್ಪು ಮಟ್ಟೆಗಳನ್ನು ರಾಶಿ ಹಾಕುವ ಅಂಗಳಗಳಲ್ಲಿ. ಈ ಭಾಗದಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆ ರಾಶಿಗಳಿಗೆ ಸೂರು ಅಥವಾ ಟಾರ್ಪಾಲು ಹಾಕಿಸುವ ಕೆಲಸ ಆಗಸ್ಟ್ ಮುಗಿಯುವುದರೊಳಗೆ ಆಗಬೇಕು.