ವೇಷ ಗೆದ್ದಿತು, ಪ್ರಸಂಗ ಸೋತಿತು
ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಗೆ ಯಕ್ಷಗಾನ ಮೇಳ ಬಂದಿತೆಂದರೆ ಅಡಿಕೆ ಕೊಯ್ಲಿನ ದಣಿವಿನಲ್ಲಿಯೂ ನಿದ್ದೆಗೆಡುವವರು ನೀವು, ನಾನೂ ಹಾಗೆಯೇ. ಈಚೆಗೆ ಹೊಸದೊಂದು ಪ್ರಸಂಗ ನೋಡಿದೆ. ಮಗನನ್ನು ಕಳೆದುಕೊಂಡ ರಾಣಿಯ ವೇಷದವರು ಮಾತಿಲ್ಲದೆ ರಂಗಸ್ಥಳದ ಅಂಚಿಗೆ ಸರಿದಾಗ ಸಭೆಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಮುಂದಿನ ಪದ್ಯಕ್ಕೇ ಸತ್ತ ಮಗ ಕಾರಣವಿಲ್ಲದೆ ಎದ್ದು ಬಂದ!

ಮನೆಯ ಮಕ್ಕಳು ನೋಡುವ ಕೊರಿಯಾದ ಧಾರಾವಾಹಿಗಳಲ್ಲಾದರೆ ನಟರು ಬರೆದುಕೊಟ್ಟ ಮಾತನ್ನೇ ಆಡಬೇಕು. ನಮ್ಮ ಆಟದಲ್ಲಿ ಪದ್ಯ ಕವಿಯದು, ಅರ್ಥ ವೇಷಧಾರಿಯದು. ಹಾಗಾಗಿ ಬರವಣಿಗೆಯ ಬಡತನ ನಡುರಾತ್ರಿಯವರೆಗೂ ಮುಚ್ಚಿಕೊಂಡಿರುತ್ತದೆ. ಕಥೆಯ ನಡೆಯನ್ನು ಮಾತ್ರ ಅವರು ತಿದ್ದಲಾರರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಮೆರೆದದ್ದು ಕುಣಿತದಿಂದಷ್ಟೇ ಅಲ್ಲ. ಪಡೆದ ವರವೇ ತಿರುಗಿ ತನ್ನ ತಲೆಗೆ ಬರುವ ಕಥೆ ಅದರ ಬೆನ್ನಿಗಿತ್ತು. ಈ ರಾಣಿಗೆ ಅಂಥದೇನೂ ಇರಲಿಲ್ಲ. ಚೌಕಿಗೆ ಹೋಗಿ ಅವರಿಗೆ ಕೈ ಮುಗಿದು ಬಂದೆ, ಪ್ರಸಂಗಕರ್ತರನ್ನು ವಿಚಾರಿಸಲಿಲ್ಲ.